ಪುಟ್ಟ ಸೈಕಲ್ಲು, ಕೂದಲೆಳೆಯ ಸಂದು

ಮಕ್ಕಳೇ, ಹಾಲಿನ ಕ್ಯಾನು, ಹುಲ್ಲಿನ ಹೊರೆ, ಅಕ್ಕಿಮೂಟೆ ಹೊತ್ತು ಓಡಾಡುವ ಹಳೆಯ ಕಪ್ಪು ಸೈಕಲ್ ನಿಮ್ಮೂರಲ್ಲೂ ಇರುತ್ತದೆ. ಅದರ ಹ್ಯಾಂಡಲ್ಲಿನ ಕೆಳಗೆ, ಕೊಳವೆಗಳು ಕೂಡುವ ಜಾಗದಲ್ಲಿ ಬೆರಳಾಡಿಸಿ ನೋಡಿ. ಕೊಳವೆಗಳನ್ನು ಹೊರಗಿನಿಂದ ತಬ್ಬಿಕೊಂಡಿರುವ ಉಕ್ಕಿನ ತೋಳೊಂದು ಅಲ್ಲಿದೆ. ಅದರ ಅಂಚು ಬೆರಳಿಗೆ ತಾಕುತ್ತದೆ. ಅದನ್ನು ಲಗ್ ಎನ್ನುತ್ತಾರೆ. ಅಲ್ಲಿ ಬೋಲ್ಟಿಲ್ಲ. ವೆಲ್ಡಿಂಗ್ ಮಾಡುವಾಗ ಆಗುವಂತೆ ಉಕ್ಕನ್ನು ಕರಗಿಸಿಯೂ ಇಲ್ಲ. ಆದರೂ ಆ ಕೂಡಿಕೆ ವರ್ಷಗಟ್ಟಲೆ ಭಾರ ಹೊರುತ್ತದೆ.

ಇದರ ಗುಟ್ಟು ತಿಳಿಯಬೇಕಾದರೆ ಒಂದು ಪುಟ್ಟ ಸೈಕಲ್ಲಿನ ಚೌಕಟ್ಟನ್ನು ಮೊದಲಿನಿಂದ ಕೊನೆಯವರೆಗೆ ಮನಸ್ಸಿನಲ್ಲೇ ಕಟ್ಟಿ ನೋಡೋಣ. ದೊಡ್ಡದನ್ನು ಬಿಟ್ಟು ಪುಟ್ಟದನ್ನೇ ಆರಿಸಿದ್ದಕ್ಕೆ ಕಾರಣವಿದೆ. ದೊಡ್ಡ ಸೈಕಲ್ಲಿನ ಕೊಳವೆಗಳನ್ನೆಲ್ಲ ಒಂದಿಷ್ಟು ಕತ್ತರಿಸಿದರೆ ಚಿಕ್ಕದಾಗುತ್ತದೆ ಎಂದು ತೋರಬಹುದು. ಹಾಗೆ ಆಗುವುದಿಲ್ಲ.

ಅಮೆರಿಕದ ರಾಚೆಸ್ಟರ್ ನಗರದ ಜಾರ್ಜಿನಾ ಟೆರಿ ಎಂಬ ಮೆಕ್ಯಾನಿಕಲ್ ಎಂಜಿನಿಯರ್ ಈ ತೊಡಕನ್ನು ಗಂಭೀರವಾಗಿ ತೆಗೆದುಕೊಂಡರು. 1980ರ ದಶಕದ ಮೊದಲ ವರ್ಷಗಳಲ್ಲಿ ಅವರು ಮನೆಯ ನೆಲಮಾಳಿಗೆಯಲ್ಲೇ ಚೌಕಟ್ಟುಗಳನ್ನು ಬೆಸೆಯತೊಡಗಿದರು. ಕುಳ್ಳಗಿನ ಹೆಂಗಸರು ಅಂಗಡಿಯಲ್ಲಿ ಸಿಗುವ ಸೈಕಲ್ ಏರಿದರೆ ಹ್ಯಾಂಡಲ್ ಹಿಡಿಯಲು ಮುಂದಕ್ಕೆ ಚಾಚಿಕೊಳ್ಳಬೇಕಿತ್ತು. ಕತ್ತು, ಭುಜ ನೋಯುತ್ತಿದ್ದವು. ಮೇಲಿನ ಬಾರನ್ನು ಗಿಡ್ಡ ಮಾಡಿದರೆ ನೋವು ತಪ್ಪುತ್ತದೆ, ಆದರೆ ಮುಂದಿನ ಚಕ್ರ ಪೆಡಲ್ಲಿಗೆ ಹತ್ತಿರ ಬರುತ್ತದೆ. ತಿರುವಿನಲ್ಲಿ ಹ್ಯಾಂಡಲ್ ತಿರುಗಿಸಿದಾಗ ಕಾಲ್ಬೆರಳು ಚಕ್ರಕ್ಕೆ ತಗುಲುತ್ತದೆ!

ಪೆನ್ಸಿಲ್ ತೆಗೆದುಕೊಳ್ಳಿ, ಲೆಕ್ಕ ಹಾಕೋಣ. ದೊಡ್ಡವರ ರೇಸ್ ಸೈಕಲ್ಲಿನ ಚಕ್ರದ ತ್ರಿಜ್ಯ ಸುಮಾರು 34 ಸೆಂಟಿಮೀಟರ್. ಪೆಡಲ್ ಹಿಡಿದಿರುವ ಕ್ರ್ಯಾಂಕ್ 17 ಸೆಂಟಿಮೀಟರ್. ಪೆಡಲ್ಲಿನ ನಡುವಿನಿಂದ ಮುಂದಕ್ಕೆ ಚಾಚುವ ಬೂಟಿನ ತುದಿ 10 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಒಟ್ಟು 61. ಅಂದರೆ ಕ್ರ್ಯಾಂಕ್ ತಿರುಗುವ ಅಚ್ಚಿನಿಂದ ಮುಂದಿನ ಚಕ್ರದ ಅಚ್ಚಿಗೆ ಕನಿಷ್ಠ 61 ಸೆಂಟಿಮೀಟರ್ ಅಂತರ ಬೇಕು. ಪುಟ್ಟ ಚೌಕಟ್ಟಿನಲ್ಲಿ 57 ಇದ್ದರೆ ಹೆಚ್ಚು. ಟೆರಿ ಏನು ಮಾಡಿದರು ಗೊತ್ತೇ? ಹಿಂದಿನ ಚಕ್ರ ದೊಡ್ಡದನ್ನೇ ಉಳಿಸಿಕೊಂಡು ಮುಂದಕ್ಕೆ 24 ಇಂಚಿನ ಚಿಕ್ಕ ಚಕ್ರ ಹಾಕಿದರು. ಅದರ ತ್ರಿಜ್ಯ ಸುಮಾರು 29 ಸೆಂಟಿಮೀಟರ್. ಈಗ 29, 17, 10 ಕೂಡಿಸಿ: 56. ಕಾಲು ತಗುಲುವುದಿಲ್ಲ! 1985ರಲ್ಲಿ ಅವರು ಇಂಥ ಸೈಕಲ್ಲುಗಳ ಕಂಪನಿಯನ್ನೇ ಆರಂಭಿಸಿದರು. ಸವಾರರ ಅಳತೆ ಮೊದಲು, ಚಕ್ರ ಆಮೇಲೆ ಎಂಬ ಅವರ ಈ ಕ್ರಮ ನನಗೆ ತುಂಬಾ ಇಷ್ಟ.

ಚೌಕಟ್ಟಿನ ಮುಂಭಾಗವನ್ನು ತ್ರಿಕೋನ ಎನ್ನುವುದು ರೂಢಿ. ಬದಿಗಳನ್ನು ಎಣಿಸಿ ನೋಡಿ, ನಾಲ್ಕಿವೆ: ಮೇಲಿನ ಬಾರ್, ಕೆಳಗಿನ ಓರೆ ಕೊಳವೆ, ಸೀಟಿನ ಕೊಳವೆ, ಹ್ಯಾಂಡಲ್ ತಿರುಗುವ ಗಿಡ್ಡ ಕೊಳವೆ. ಐಸ್‌ಕ್ರೀಂ ಕಡ್ಡಿಗಳನ್ನು ಗುಂಡುಸೂಜಿಯಿಂದ ಜೋಡಿಸಿದರೆ ಮೂರು ಕಡ್ಡಿಯ ಆಕೃತಿ ಅಲುಗುವುದಿಲ್ಲ, ನಾಲ್ಕು ಕಡ್ಡಿಯದು ಸೊಟ್ಟಗಾಗುತ್ತದೆ. ಚೌಕಟ್ಟು ಚಿಕ್ಕದಾದಷ್ಟೂ ಆ ಗಿಡ್ಡ ಕೊಳವೆ ಇನ್ನೂ ಗಿಡ್ಡವಾಗಿ ಆಕೃತಿ ನಿಜವಾದ ತ್ರಿಕೋನದ ಹತ್ತಿರಕ್ಕೆ ಬರುತ್ತದೆ. ಹಾಗಾಗಿ ಪುಟ್ಟ ಚೌಕಟ್ಟು ಹೆಚ್ಚು ಬಿಗಿ. ಆದರೆ ಮೇಲಿನ ಲಗ್ಗೂ ಕೆಳಗಿನ ಲಗ್ಗೂ ಒಂದಕ್ಕೊಂದು ತಾಕುವಷ್ಟು ಹತ್ತಿರವಾಗುತ್ತವೆ, ಕೊಳವೆಗಳ ಕೋನವೂ ಬದಲಾಗುತ್ತದೆ. ಲಗ್ಗಿನ ಕೋನವೋ ಅಚ್ಚಿನಲ್ಲಿ ಎರಕ ಹೊಯ್ಯುವಾಗಲೇ ತೀರ್ಮಾನವಾಗಿರುತ್ತದೆ. ಒಂದೆರಡು ಡಿಗ್ರಿ ವ್ಯತ್ಯಾಸವಾದರೆ ಅರದಿಂದ ಉಜ್ಜಿ ಹೊಂದಿಸಬಹುದು. ಅದಕ್ಕಿಂತ ಹೆಚ್ಚಾದರೆ ಬೇರೆ ಲಗ್ಗನ್ನೇ ಹುಡುಕಬೇಕು.

ಕೊಳವೆಯಲ್ಲೂ ಒಂದು ಜಾಣತನವಿದೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ರೆನಾಲ್ಡ್ಸ್ ಕುಟುಂಬ ಮೊಳೆ ಮಾಡುವ ಕಸುಬಿನದು. ಆ ಮನೆಯ ಆಲ್ಫ್ರೆಡ್ ರೆನಾಲ್ಡ್ಸ್ 1897ರಲ್ಲಿ ಒಂದು ಪೇಟೆಂಟ್ ಪಡೆದರು: ಹೊರಗಿನಿಂದ ಒಂದೇ ಸಮ ಕಾಣುವ, ಒಳಗೆ ಮಾತ್ರ ತುದಿಗಳಲ್ಲಿ ದಪ್ಪ, ನಡುವೆ ತೆಳುವಾದ ಕೊಳವೆ. ತುದಿಯಲ್ಲಿ ಗೋಡೆ 0.8 ಮಿಲಿಮೀಟರ್, ನಡುವೆ 0.5 ಇರುವ ಕೊಳವೆಗಳು ಆಮೇಲೆ ಸಾಮಾನ್ಯವಾದವು. ಹೆಚ್ಚು ಒತ್ತಡ ಬೀಳುವುದು, ಬೆಂಕಿಯ ಕಾವು ತಟ್ಟುವುದು ತುದಿಗಳಿಗೇ ತಾನೇ? ಪುಟ್ಟ ಚೌಕಟ್ಟು ಕಟ್ಟುವವರು ಕೊಳವೆಯನ್ನು ಯಾವ ತುದಿಯಲ್ಲಿ ಎಷ್ಟು ಕತ್ತರಿಸಬೇಕೆಂದು ಮೊದಲೇ ಲೆಕ್ಕ ಹಾಕಬೇಕು. ಇಲ್ಲವಾದರೆ ದಪ್ಪ ತುದಿಯೇ ಹೊರಟುಹೋಗುತ್ತದೆ.

ಈಗ ಬೆಸುಗೆ. ಉಕ್ಕು ಕರಗಲು ಸುಮಾರು 1500 ಡಿಗ್ರಿ ಸೆಲ್ಸಿಯಸ್ ಬೇಕು. ಹಿತ್ತಾಳೆಯ ಕಡ್ಡಿ ಸುಮಾರು 900ಕ್ಕೇ ಕರಗುತ್ತದೆ. ಗ್ಯಾಸ್ ಜ್ವಾಲೆಯಿಂದ ಲಗ್ಗು, ಕೊಳವೆ ಎರಡನ್ನೂ ಕೆಂಪಗೆ ಕಾಯಿಸಿ, ಅಂಚಿಗೆ ಹಿತ್ತಾಳೆ ಕಡ್ಡಿ ಮುಟ್ಟಿಸಿದರೆ ಅದು ನೀರಾಗಿ ಲಗ್ಗಿನೊಳಗೆ ಮಾಯವಾಗುತ್ತದೆ. ಉಕ್ಕು ಗಟ್ಟಿಯಾಗೇ ಉಳಿಯುತ್ತದೆ. ಈ ಕೆಲಸಕ್ಕೆ ಬ್ರೇಜಿಂಗ್ ಎಂದು ಹೆಸರು.

ಹಿತ್ತಾಳೆಯನ್ನು ಒಳಕ್ಕೆ ಯಾರೂ ತಳ್ಳುವುದಿಲ್ಲ, ತಾನೇ ಹೋಗುತ್ತದೆ. ಮೇಲ್ಮುಖವಾಗಿಯೂ ಏರುತ್ತದೆ! ಮನೆಯಲ್ಲೇ ಇದನ್ನು ನೋಡಬಹುದು. ಎರಡು ಚಿಕ್ಕ ಗಾಜಿನ ಬಿಲ್ಲೆಗಳನ್ನು ದೊಡ್ಡವರಿಂದ ಕೇಳಿ ಪಡೆಯಿರಿ. ಒಂದು ಬದಿಯಲ್ಲಿ ಅವು ಪೂರ್ತಿ ಅಂಟಿರಲಿ, ಇನ್ನೊಂದು ಬದಿಯಲ್ಲಿ ನಡುವೆ ಬೆಂಕಿಕಡ್ಡಿ ಇಟ್ಟು ರಬ್ಬರ್ ಬ್ಯಾಂಡ್ ಹಾಕಿ. ಬಣ್ಣದ ನೀರಿನ ತಟ್ಟೆಯಲ್ಲಿ ನೇರವಾಗಿ ನಿಲ್ಲಿಸಿ. ಬೆಂಕಿಕಡ್ಡಿಯ ಕಡೆ ನೀರು ಏರುವುದು ತೀರಾ ಕಡಿಮೆ. ಸಂದು ಕಿರಿದಾದಂತೆ ಮೇಲೆ ಮೇಲೆ ಏರುತ್ತದೆ. ನೀರಿಗೆ ಗಾಜಿನ ಮೇಲೆ ಸೆಳೆತ, ಕರಗಿದ ಹಿತ್ತಾಳೆಗೆ ಉಕ್ಕಿನ ಮೇಲೆ ಸೆಳೆತ. ಆದ್ದರಿಂದಲೇ ಲಗ್ಗಿಗೂ ಕೊಳವೆಗೂ ನಡುವೆ ತಲೆಗೂದಲಿನ ದಪ್ಪದಷ್ಟೇ ಸಂದು ಇರುವಂತೆ ಉಜ್ಜಿ ಹೊಂದಿಸುತ್ತಾರೆ. ಸಂದು ಅಗಲವಾದರೆ ಹಿತ್ತಾಳೆ ಏರದು. ಸಂದೇ ಇಲ್ಲದಿದ್ದರೆ ಒಳಗೆ ಹೋಗಲು ದಾರಿಯೇ ಇಲ್ಲ.

ಉಕ್ಕು ಕೊಳೆಯಾಗಿದ್ದರೆ ಸೆಳೆತವೂ ಇರುವುದಿಲ್ಲ. ಕಾದ ಉಕ್ಕು ಗಾಳಿಯ ಆಮ್ಲಜನಕದೊಡನೆ ಸೇರಿ ಕಪ್ಪು ಪದರ ಕಟ್ಟುತ್ತದೆ, ಹಿತ್ತಾಳೆ ಅದರ ಮೇಲೆ ಗುಂಡಾಗಿ ಉರುಳಿಹೋಗುತ್ತದೆ. ಅದಕ್ಕೇ ಎಮರಿ ಕಾಗದದಿಂದ ಹೊಳೆಯುವಂತೆ ಉಜ್ಜಿ, ಜಿಡ್ಡು ತೆಗೆದು, ಬಿಳಿಗಾರ ಬೆರೆತ ಲೇಪ ಹಚ್ಚುತ್ತಾರೆ. ನಿಮ್ಮ ಬೀದಿಯ ಅಕ್ಕಸಾಲಿಗರು ಚಿನ್ನ ಬೆಸೆಯುವಾಗ ಬಳಸುವುದೂ ಇದೇ ಬಿಳಿಗಾರ. ಲಡಾಖಿನ ಪೂಗಾ ಕಣಿವೆಯ ಬಿಸಿನೀರಿನ ಬುಗ್ಗೆಗಳ ಸುತ್ತ ಅದು ಸಿಗುತ್ತದೆ. ಹಿಂದಿನ ಕಾಲದಲ್ಲಿ ಟಿಬೆಟ್ಟಿನಿಂದ ಕುರಿಗಳ ಬೆನ್ನೇರಿ ಹಿಮಾಲಯ ದಾಟಿ ಬರುತ್ತಿತ್ತು. ಕಾವಿಗೆ ಕರಗಿ ಅದು ತಿಳಿಯಾದ ಗಾಜಿನ ಹೊದಿಕೆಯಾಗುತ್ತದೆ. ಗಾಳಿಯನ್ನು ತಡೆಯುತ್ತದೆ, ಕಪ್ಪು ಪದರವನ್ನು ತನ್ನೊಳಗೆ ಕರಗಿಸಿಕೊಳ್ಳುತ್ತದೆ.

ಕರಗಿದ ಹಿತ್ತಾಳೆ ಕಾವು ಹೆಚ್ಚಿರುವ ಕಡೆಗೇ ಹರಿಯುತ್ತದೆ. ಬೆಸೆಯುವವರು ಕಡ್ಡಿಯನ್ನು ಲಗ್ಗಿನ ಒಂದು ಅಂಚಿಗೆ ಮುಟ್ಟಿಸಿ, ಜ್ವಾಲೆಯನ್ನು ನಿಧಾನವಾಗಿ ಇನ್ನೊಂದು ಅಂಚಿನತ್ತ ಸರಿಸುತ್ತಾರೆ. ಆ ಅಂಚಿನ ಸುತ್ತ ಹೊಂಬಣ್ಣದ ಗೆರೆ ಮೂಡಿದರೆ ಸಂದು ಪೂರ್ತಿ ತುಂಬಿದೆ ಎಂದು ತಿಳಿಯುತ್ತದೆ. ಕೊಳವೆಯಲ್ಲಿ ಒಂದು ಸಣ್ಣ ತೂತು ಇರಲೇಬೇಕು. 900 ಡಿಗ್ರಿಗೆ ಕಾದ ಗಾಳಿಗೆ ಮೊದಲಿನ ಸುಮಾರು ನಾಲ್ಕು ಪಟ್ಟು ಜಾಗ ಬೇಕು. ಹೊರಹೋಗಲು ದಾರಿಯಿಲ್ಲದಿದ್ದರೆ ಅದು ಕರಗಿದ ಹಿತ್ತಾಳೆಯನ್ನೇ ಸೀಳಿಕೊಂಡು ಬರುತ್ತದೆ. ಈ ಕೆಲಸವನ್ನು ನೋಡುವುದಾದರೆ ದೂರದಿಂದ, ದೊಡ್ಡವರ ಜೊತೆ, ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡೇ ನೋಡಿ.

ಹಿತ್ತಾಳೆ ಉಕ್ಕಿಗಿಂತ ಮೆದು. ಹಾಗಾದರೆ ಕೂಡಿಕೆ ಬಿಡುವುದಿಲ್ಲವೇಕೆ? ಕೊಳವೆಯ ಹೊರವ್ಯಾಸ 28.6 ಮಿಲಿಮೀಟರ್, ಲಗ್ಗು ಅದನ್ನು 25 ಮಿಲಿಮೀಟರ್ ಉದ್ದಕ್ಕೆ ತಬ್ಬಿದೆ ಎನ್ನೋಣ. ಹಿತ್ತಾಳೆ ಹಿಡಿದ ವಿಸ್ತೀರ್ಣ ಸುಮಾರು 2250 ಚದರ ಮಿಲಿಮೀಟರ್. ಕೊಳವೆಯನ್ನು ಅಡ್ಡ ಕತ್ತರಿಸಿದರೆ ಕಾಣುವ ಉಕ್ಕಿನ ಉಂಗುರದ್ದು ಸುಮಾರು 70. ಮೂವತ್ತು ಪಟ್ಟಿಗೂ ಹೆಚ್ಚು! ಜೊತೆಗೆ ಪದರ ಅತಿ ತೆಳು. ಎರಡೂ ಕಡೆಯ ಉಕ್ಕು ಬಿಗಿಯಾಗಿ ಹಿಡಿದಿರುವುದರಿಂದ ಅದು ಸುಲಭವಾಗಿ ಹಿಗ್ಗಲಾರದು.

ಕಾದು ತಣಿದ ಚೌಕಟ್ಟು ಚೂರು ಸೊಟ್ಟಗಾಗಿರಬಹುದು. ಅದನ್ನು ಪರೀಕ್ಷಿಸಲು ಒಂದು ದಾರ ಸಾಕು, ನಿಮ್ಮ ಸೈಕಲ್ಲಿಗೂ ಮಾಡಬಹುದು. ಹಿಂದಿನ ಚಕ್ರದ ಅಚ್ಚಿನ ಒಂದು ತುದಿಗೆ ದಾರ ಕಟ್ಟಿ, ಹ್ಯಾಂಡಲ್ ಕೆಳಗಿನ ಕೊಳವೆಯನ್ನು ಬಳಸಿ ತಂದು, ಅಚ್ಚಿನ ಇನ್ನೊಂದು ತುದಿಗೆ ಬಿಗಿಯಾಗಿ ಕಟ್ಟಿ. ದಾರಕ್ಕೂ ಸೀಟಿನ ಕೊಳವೆಗೂ ಇರುವ ಅಂತರವನ್ನು ಎರಡೂ ಕಡೆ ಸ್ಕೇಲಿನಿಂದ ಅಳೆಯಿರಿ. ಸಮವಿದ್ದರೆ ಚೌಕಟ್ಟು ನೇರವಾಗಿದೆ. ಒಂದು ಕಡೆ ಹೆಚ್ಚಿದ್ದರೆ ಸೈಕಲ್ ರಿಪೇರಿಯವರಿಗೆ ತೋರಿಸಿ. ಉಕ್ಕಿನ ಚೌಕಟ್ಟನ್ನು ಕಾಯಿಸದೆಯೇ ಮೆಲ್ಲಗೆ ಬಗ್ಗಿಸಿ ನೇರ ಮಾಡಲು ಬರುತ್ತದೆ.