ಆರೋಗ್ಯವೂ ದಾಸೋಹವಾಗಲಿ

(ಶ್ರೀಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನಿವೃತ್ತ ಸಹಕಾರಿ ಸಂಘದ ಕಾರ್ಯದರ್ಶಿಯೊಬ್ಬರು ಮಾಡಿದ ಉಪನ್ಯಾಸದ ಬರಹರೂಪ)



ನಾನು ವೈದ್ಯನಲ್ಲ. ನಮ್ಮೂರಿನ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ಕಾರ್ಯದರ್ಶಿಯಾಗಿ ದುಡಿದವನು. ಬೆಳೆ ಸಾಲದ ಅರ್ಜಿ ತುಂಬುವಾಗ ರೈತರು ಎದುರಿಗೆ ಕುಳಿತು ಮನೆಯ ಕಷ್ಟವನ್ನೂ ಹೇಳಿಕೊಳ್ಳುತ್ತಿದ್ದರು. ಕಾಗದದ ಮೇಲೆ ಗೊಬ್ಬರಕ್ಕೆ, ಬೀಜಕ್ಕೆ ಎಂದು ಬರೆದ ಸಾಲ ಎಷ್ಟೋ ಸಲ ನೇರವಾಗಿ ಆಸ್ಪತ್ರೆಗೆ ಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಅನುಭವದ ಬಲದ ಮೇಲೆ ನಾಲ್ಕು ಮಾತು ಹೇಳಲು ನಿಂತಿದ್ದೇನೆ.

2003ರಲ್ಲಿ ಯಶಸ್ವಿನಿ ಯೋಜನೆ ಬಂತು. ಸಹಕಾರ ಸಂಘದ ಸದಸ್ಯರು ವರ್ಷಕ್ಕೆ ಒಬ್ಬರಿಗೆ 60 ರೂಪಾಯಿ ಕಟ್ಟಿದರೆ ಶಸ್ತ್ರಚಿಕಿತ್ಸೆಯ ಖರ್ಚು ಯೋಜನೆಯದು. ಆರೋಗ್ಯವಂತನ 60 ರೂಪಾಯಿ ರೋಗಿಯ ಹೃದಯದ ಆಪರೇಷನ್ನಿಗೆ ಸಲ್ಲುತ್ತಿತ್ತು. ಇದಕ್ಕಿಂತ ದೊಡ್ಡ ದಾಸೋಹ ಯಾವುದು ಎಂದು ಮನೆ ಮನೆಗೆ ಹೋಗಿ ಹೇಳಿ ಹಣ ಸೇರಿಸಿದೆ. 2018ರಲ್ಲಿ ಅದನ್ನು ಆರೋಗ್ಯ ಕರ್ನಾಟಕದಲ್ಲಿ ಸೇರಿಸಿದರು. 2022-23ರ ಬಜೆಟ್ಟಿನಲ್ಲಿ ಮತ್ತೆ ಪ್ರತ್ಯೇಕವಾಗಿ ಘೋಷಿಸಿದರು. ಈ ನಡುವೆ ಕೇಂದ್ರದ ಆಯುಷ್ಮಾನ್ ಭಾರತವೂ ಬಂದು, ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಎಂದಾಯಿತು. ಇವುಗಳಿಂದ ಬದುಕಿದ ಜೀವಗಳು ನಮ್ಮೂರಲ್ಲೇ ಇವೆ. ಆದ್ದರಿಂದ ನಾನು ವಿಮೆಯ ವಿರೋಧಿಯಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಆದರೆ ಒಬ್ಬ ರೈತ ಬಾಂಧವರು ಕೇಳಿದ ಪ್ರಶ್ನೆ ನನ್ನನ್ನು ಇನ್ನೂ ಬಿಟ್ಟಿಲ್ಲ. ಅವರಿಗೆ ಸಕ್ಕರೆ ಕಾಯಿಲೆ. ಊರ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಒಂದು ತಿಂಗಳು ಮಾತ್ರೆ ಸಿಕ್ಕರೆ ಮುಂದಿನ ತಿಂಗಳು ಇಲ್ಲ. ಅಂಗಡಿಯಲ್ಲಿ ಕೊಂಡರೆ ದುಡ್ಡು. ಮಳೆ ಕೈಕೊಟ್ಟ ವರ್ಷ ಮಾತ್ರೆ ನಿಲ್ಲಿಸಿದರು. ಪಾದಕ್ಕೆ ಮುಳ್ಳು ಚುಚ್ಚಿ ಆದ ಗಾಯ ಮಾಯಲಿಲ್ಲ. ಕೊನೆಗೆ ದೊಡ್ಡ ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ಕತ್ತರಿಸಿದರು. ಆಪರೇಷನ್ನಿನ ಬಿಲ್ಲು ಕಾರ್ಡಿನಲ್ಲೇ ಮುಗಿಯಿತು. ನೋಡಲು ಹೋದಾಗ ಅವರು ಕೇಳಿದರು: "ಸಾಹೇಬರ, ಕಾಲು ಕಡಿಯಾಕ ಸರ್ಕಾರ ರೊಕ್ಕ ಕೊಟ್ತು. ಕಾಲು ಉಳಸಾಕ ಯಾಕ ಕೊಡಲಿಲ್ರಿ?"

ನನ್ನ ಬಳಿ ಉತ್ತರ ಇರಲಿಲ್ಲ. ಕಾರ್ಡು ಮಾಡಿಸಿಕೊಟ್ಟವನು ನಾನೇ. ಕಾರ್ಡು ಮಾಡಿಸಿದರೆ ನನ್ನ ಕೆಲಸ ಮುಗಿಯಿತು ಎಂದುಕೊಂಡವನೂ ನಾನೇ.

ಶರಣರೇ, ಇಂದು ನಡೆದಿರುವ ಚರ್ಚೆಯ ತಿರುಳು ಈ ಪ್ರಶ್ನೆಯಲ್ಲಿದೆ. ಸರ್ಕಾರಿ ವಿಮೆ ಮುಖ್ಯವಾಗಿ ಆಸ್ಪತ್ರೆಯಲ್ಲಿ ಮಲಗಿದವರಿಗೆ ಹಣ ಕೊಡುತ್ತದೆ. ಮನೆಯಲ್ಲಿದ್ದು ದಿನವೂ ನುಂಗುವ ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ, ರಕ್ತ ಪರೀಕ್ಷೆ, ಬಸ್ಸಿನ ಖರ್ಚು, ಕಳೆದುಹೋದ ಕೂಲಿ ಅದರ ಲೆಕ್ಕಕ್ಕೆ ಬರುವುದಿಲ್ಲ. ಕೇಂದ್ರ ಸರ್ಕಾರದ ಆರೋಗ್ಯ ಲೆಕ್ಕದ ಪ್ರಕಾರ 2013-14ರಲ್ಲಿ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಶೇ. 64.2ರಷ್ಟನ್ನು ಜನರೇ ಕೈಯಿಂದ ಕೊಡುತ್ತಿದ್ದರು. 2021-22ರಲ್ಲಿ ಅದು ಶೇ. 39.4ಕ್ಕೆ ಇಳಿಯಿತು. ಇಳಿದದ್ದು ಸಂತೋಷವೇ. ಆದರೂ ಆ ವರ್ಷವೂ ನೂರರಲ್ಲಿ 39 ರೂಪಾಯಿ ರೋಗಿಯ ಮನೆಯದೇ ಆಗಿತ್ತು. 2025ರ ಹೊತ್ತಿಗೆ ದೇಶದ ಉತ್ಪನ್ನದ ಶೇ. 2.5ರಷ್ಟನ್ನು ಸರ್ಕಾರಗಳು ಆರೋಗ್ಯಕ್ಕೆ ಖರ್ಚು ಮಾಡಬೇಕು ಎಂದು 2017ರ ರಾಷ್ಟ್ರೀಯ ಆರೋಗ್ಯ ನೀತಿ ಹೇಳಿತ್ತು. 2021-22ರಲ್ಲಿ, ಕೊರೊನಾ ಕಾಲದಲ್ಲೂ, ಅದು ಶೇ. 1.84 ಮಾತ್ರ ಇತ್ತು.

ಎಲ್ಲರಿಗೂ ವಿಮೆ ಕೊಡಿ, ದೊಡ್ಡ ಚಿಕಿತ್ಸೆ ಹೆಚ್ಚಾಗಿ ಖಾಸಗಿಯಲ್ಲೇ ಇರುವುದರಿಂದ ಬಡವನೂ ಅಲ್ಲಿಗೆ ಹೋಗಲಿ ಎನ್ನುವವರಿದ್ದಾರೆ. ಅವರ ಮಾತು ಸುಳ್ಳಲ್ಲ. ಜನರ ತೆರಿಗೆ ಖಾಸಗಿ ಆಸ್ಪತ್ರೆಗಳಿಗೆ ಹರಿದು ಸರ್ಕಾರಿ ಆಸ್ಪತ್ರೆ ಸೊರಗುತ್ತದೆ ಎನ್ನುವವರೂ ಇದ್ದಾರೆ. ಅವರ ಮಾತೂ ಸುಳ್ಳಲ್ಲ. ಸರ್ಕಾರ ಕೊಡುವ ದರ ಕಡಿಮೆ, ಅದೂ ತಡವಾಗಿ ಬರುತ್ತದೆ ಎಂಬುದು ಆಸ್ಪತ್ರೆಗಳವರ ದೂರು. ಇವನ್ನು ತೂಗಲು ನಮಗೆ ಶರಣರ ತಕ್ಕಡಿ ಇದೆ.

ಆಯ್ದಕ್ಕಿ ಲಕ್ಕಮ್ಮನವರನ್ನು ನೆನೆಯಿರಿ. ಪತಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ನಮಗಿಷ್ಟು ಬೇಕಿಲ್ಲ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬನ್ನಿ ಎಂದು ಕಳಿಸಿದ ತಾಯಿ ಅವರು. ದಾಸೋಹದ ಹಣವನ್ನು ಬೇಕಾದಷ್ಟೇ ಮುಟ್ಟಬೇಕು. ಬಿಹಾರ, ಛತ್ತೀಸಗಢ, ರಾಜಸ್ಥಾನಗಳಲ್ಲಿ ಬಡ ಹೆಣ್ಣುಮಕ್ಕಳ ಗರ್ಭಕೋಶವನ್ನು ಅಗತ್ಯವಿಲ್ಲದೆ ತೆಗೆದರು, ಸರ್ಕಾರಿ ವಿಮೆಯ ಹಣಕ್ಕಾಗಿಯೂ ತೆಗೆದರು ಎಂಬ ದೂರು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಇದನ್ನು ತಡೆಯುವ ಮಾರ್ಗಸೂಚಿ ಜಾರಿಗೆ ತನ್ನಿ ಎಂದು 2023ರಲ್ಲಿ ಕೋರ್ಟು ರಾಜ್ಯಗಳಿಗೆ ಆದೇಶಿಸಿತು. ಕತ್ತರಿಸಿದರೆ ಹಣ, ಕಾಪಾಡಿದರೆ ಹಣವಿಲ್ಲ ಎಂಬ ಏರ್ಪಾಡಿನಲ್ಲಿ ಇಂಥದ್ದು ನಡೆಯುವ ಭಯ ಇದ್ದೇ ಇರುತ್ತದೆ.

ದಾಸೋಹದ ಇನ್ನೊಂದು ಗುಣ, ಬಾಗಿಲಲ್ಲಿ ಯಾರ ಗುರುತನ್ನೂ ಕೇಳದಿರುವುದು. ಪ್ರಸಾದದ ಪಂಕ್ತಿಯಲ್ಲಿ ನಾವು ರೇಷನ್ ಕಾರ್ಡಿನ ಬಣ್ಣ ನೋಡುತ್ತೇವೆಯೇ? ಆರೋಗ್ಯ ಕರ್ನಾಟಕದಲ್ಲಿ ಎಪಿಎಲ್ ಕುಟುಂಬಕ್ಕೆ ಸಿಗುವುದು ನಿಗದಿತ ದರದ ಶೇ. 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ಐದಾರು ಎಕರೆ ಒಣಭೂಮಿ ಇಟ್ಟುಕೊಂಡು ಎಪಿಎಲ್ ಎನಿಸಿಕೊಂಡ ಒಕ್ಕಲು ಮನೆಗೆ ಕ್ಯಾನ್ಸರ್ ಬಂದರೆ ಮೊದಲು ಹೋಗುವುದು ಆ ಭೂಮಿಯೇ.

ಹಾಗಾದರೆ ಏನು ಮಾಡಬೇಕು? ಸೊನ್ನಲಿಗೆಯ ಸಿದ್ಧರಾಮೇಶ್ವರರು ಊರಿಗೆ ನೀರಿಲ್ಲವೆಂದಾಗ ಕೆರೆ ಕಟ್ಟಿಸಿದರು. ನೀರು ಕೊಳ್ಳಿರಿ ಎಂದು ಕೈಗೆ ಕಾಸು ಕೊಡಲಿಲ್ಲ. ವಿಮೆ ಕೈಗೆ ಕೊಟ್ಟ ಕಾಸು, ಆರೋಗ್ಯ ಕೇಂದ್ರ ಊರ ಕೆರೆ. ದೊಡ್ಡ ಕಾಯಿಲೆಗೆ ಕಾಸೂ ಬೇಕು, ಅದು ಎಲ್ಲರಿಗೂ ಸಿಗಬೇಕು. ಆದರೆ ಕೆರೆಯನ್ನು ಒಣಗಿಸಿ ಕಾಸು ಹಂಚಬಾರದು. ಹಳ್ಳಿಯ ಕೇಂದ್ರದಲ್ಲಿ ವೈದ್ಯರು, ನರ್ಸು, ತಪ್ಪದೆ ಮಾತ್ರೆ ಇರುವಂತೆ ಮಾಡುವುದೇ ಸರ್ಕಾರದ ಮೊದಲ ಖರ್ಚಾಗಲಿ. ಇದು ನನ್ನ ಬೇಡಿಕೆ.

ಸರ್ಕಾರಕ್ಕೆ ಹೇಳಿ ಕೈತೊಳೆದುಕೊಂಡರೆ ಅದು ಶರಣರ ದಾರಿಯಾಗದು. ನಮ್ಮ ಸಮಾಜದ, ಮಠಗಳ ಹೆಸರಿನಲ್ಲಿ ಆಸ್ಪತ್ರೆ, ವೈದ್ಯಕೀಯ ಕಾಲೇಜುಗಳಿವೆ. ಅವು ಮಾಡಿದ ಸೇವೆ ದೊಡ್ಡದು. ಅದಕ್ಕಾಗಿಯೇ ಕೇಳುವ ಹಕ್ಕೂ ನಮಗಿದೆ. ದರಗಳನ್ನು ಎಲ್ಲರಿಗೂ ಕಾಣುವಂತೆ ಬರೆದು ಹಾಕಬೇಕೆಂದು ನಮ್ಮ ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಹೇಳುತ್ತದೆ. ಕಾಯ್ದೆಗೆ ಹೆದರಿ ಅಲ್ಲ, ಬಸವತತ್ತ್ವಕ್ಕೆ ತಲೆಬಾಗಿ ನಮ್ಮ ಸಂಸ್ಥೆಗಳು ಅದನ್ನು ಮೊದಲು ಮಾಡಿ ತೋರಿಸಲಿ. ಸೀಟಿಗೆ ಲಕ್ಷಗಟ್ಟಲೆ ಕೊಟ್ಟು ಓದಿದ ಹುಡುಗ ಆ ಹಣವನ್ನು ಯಾರಿಂದ ವಸೂಲು ಮಾಡುತ್ತಾನೆ ಎಂಬುದನ್ನೂ ನಾವೇ ಯೋಚಿಸಬೇಕು. ವೈದ್ಯ ಸಂಗಣ್ಣನವರಂಥ ಶರಣರಿಗೆ ವೈದ್ಯವೃತ್ತಿ ಕಾಯಕವಾಗಿತ್ತು, ವ್ಯಾಪಾರವಾಗಿರಲಿಲ್ಲ.

ಕೊನೆಯದಾಗಿ ಮೂರು ಸಣ್ಣ ಕೆಲಸ. ಈ ಗೋಷ್ಠಿಗೆ ಬರುವವರಿಗೆಲ್ಲ ಪ್ರತಿ ತಿಂಗಳು ಇದೇ ಪ್ರಾಂಗಣದಲ್ಲಿ ಬಿಪಿ, ಸಕ್ಕರೆ ಪರೀಕ್ಷೆ ನಡೆಯಲಿ. ಮಠದ ಒಂದು ಮಳಿಗೆಯನ್ನು ಜನೌಷಧಿ ಕೇಂದ್ರಕ್ಕೆ ಕೊಡೋಣ. ಗ್ರಾಮಸಭೆಯಲ್ಲಿ ರಸ್ತೆ, ಚರಂಡಿ ಕೇಳುವಂತೆ, ಆರೋಗ್ಯ ಕೇಂದ್ರದಲ್ಲಿ ಮಾತ್ರೆ ಏಕಿಲ್ಲ ಎಂದೂ ಎದ್ದು ನಿಂತು ಕೇಳೋಣ. ಜಾತ್ರೆಯ ಮದ್ದುಗುಂಡು, ಹೂವಿನ ಅಲಂಕಾರದ ಖರ್ಚಿನಲ್ಲಿ ಸ್ವಲ್ಪ ಉಳಿಸಿದರೂ ಮೊದಲೆರಡಕ್ಕೆ ಸಾಕು. ಮೂರನೆಯದಕ್ಕೆ ಖರ್ಚೇ ಇಲ್ಲ.

ಆ ರೈತ ಬಾಂಧವರು ಇಂದು ಊರುಗೋಲು ಹಿಡಿದು ಗೋಷ್ಠಿಗೆ ಬಂದಿದ್ದಾರೆ, ಹಿಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಅವರ ಹೆಸರು ಹೇಳುವುದಿಲ್ಲ. ಅವರ ಪ್ರಶ್ನೆಯನ್ನು ಮಾತ್ರ ನಿಮ್ಮ ಮುಂದಿಟ್ಟಿದ್ದೇನೆ. ಮತ್ತೊಬ್ಬರು ಅದನ್ನು ಕೇಳುವ ಹಾಗಾಗದಿರಲಿ.