ಪದರ ಬಿಲ್ಲು: ಅವಸರ ಬೇಡ



ಬಿದಿರು, ಮರಗಳ ಪಟ್ಟಿಗಳನ್ನು ಅಂಟಿಸಿ ಬಿಲ್ಲು ಮಾಡುವ ಆಸೆ ನಿಮಗಿದೆಯೇ? ಬಿಲ್ಲನ್ನು ಎಳೆದಾಗ ಗುರಿಯತ್ತ ಇರುವ ಹೊರಮೈ ಹಿಗ್ಗುತ್ತದೆ, ನಿಮ್ಮತ್ತ ಇರುವ ಒಳಮೈ ಕುಗ್ಗುತ್ತದೆ. ಆದ್ದರಿಂದ ಹೊರಗಡೆ ಎಳೆತ ತಾಳುವ ಬಿದಿರು, ಒಳಗಡೆ ಒತ್ತಡ ತಾಳುವ ಗಟ್ಟಿಮರ ಇರಲಿ. ಅಂಟು ಪೂರ್ತಿ ಗಟ್ಟಿಯಾಗುವ ತನಕ ಬಿಗಿದ ಕ್ಲಾಂಪುಗಳನ್ನು ಸಡಿಲಿಸಬೇಡಿ.

ಹೊಸಬರು ಎಡವುವುದು ಆಮೇಲೆ, ಮರ ಹೆರೆಯುವಾಗ. ದಪ್ಪ ಅರ್ಧವಾದರೆ ಬಿಗುವು ಅರ್ಧವಾಗುವುದಿಲ್ಲ. ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ! ಹೀಗಾಗಿ ಒಳಮೈಯನ್ನು ಮಾತ್ರ ತುಸು ತುಸುವೇ ಹೆರೆಯಿರಿ. ಪ್ರತಿ ಸಲವೂ ಮೆಲ್ಲನೆ ಬಾಗಿಸಿ, ಎರಡು ತೋಳುಗಳೂ ಸಮವಾಗಿ ಬಾಗುತ್ತವೆಯೇ ನೋಡಿ. ಬಿಗಿಯಾಗಿರುವ ಕಡೆ ಹೆರೆಯಿರಿ, ಹೆಚ್ಚು ಬಾಗುವ ಕಡೆ ಮುಟ್ಟಬೇಡಿ. ಬಾಣವಿಲ್ಲದೆ ಹೆದೆ ಎಳೆದು ಬಿಡಲೇಬೇಡಿ, ಬಿಲ್ಲೇ ಸೀಳೀತು. ಹೆರೆದು ತೆಗೆದ ಮರವನ್ನು ಮತ್ತೆ ಸೇರಿಸಲಾಗದು, ನೆನಪಿರಲಿ.