ಮೋಡದ ಸೀಮೆಯಲ್ಲಿ ಕುಂಬಳದ ಬಳ್ಳಿ
(ಸಂಘದ ರಜತ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಸಂಘಕ್ಕೆ 25 ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಕಾಫಿ, ಶುಂಠಿ, ಭತ್ತದ ಬಗ್ಗೆ ಮಾತನಾಡುವವರು ಬೇಕಾದಷ್ಟು ಮಂದಿ ಇದ್ದಾರೆ. ನಾವು ತಿಪ್ಪೆಯ ಮೇಲಿನ ಸಿಹಿಗುಂಬಳದ ಬಗ್ಗೆ ನಾಲ್ಕು ಮಾತು ಹೇಳುತ್ತೇವೆ. ಯಾರೂ ನಗಬಾರದು. ನಮ್ಮ ಅಜ್ಜಿಯರ ಕಾಲದಲ್ಲಿ ಅಟ್ಟದ ಮೇಲೆ ಕುಂಬಳಕಾಯಿ ಸಾಲಾಗಿ ಕೂತಿರುತ್ತಿತ್ತು. ಈಗ ಅಕ್ಕಿರೊಟ್ಟಿಗೆ ಪಲ್ಯ ಬೇಕೆಂದರೆ ಸಂತೆಯಿಂದ ಹೋಳು ತರುತ್ತೇವೆ. ಯಾಕೆ ಅಂದರೆ, “ಬಳ್ಳಿ ಹಬ್ಬುತ್ತೆ, ಕಾಯಿ ನಿಲ್ಲಲ್ಲ” ಅಂತೀವಿ.

ನಾವೂ ಒಂದು ವರ್ಷ ಹಾಗೇ ಅಂದುಕೊಂಡು ಬುಡಕ್ಕೆ ಯೂರಿಯಾ ಸುರಿದೆವು. ಬಳ್ಳಿ ಕೊಟ್ಟಿಗೆಯ ಮಾಡು ಹತ್ತಿತು, ಒಂದು ಕಾಯಿಯೂ ನಿಲ್ಲಲಿಲ್ಲ. ತಪ್ಪು ಬಳ್ಳಿಯದಲ್ಲ, ನಮ್ಮದು.

ಕುಂಬಳದಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಹೆಣ್ಣು ಹೂವಿನ ಕೆಳಗೆ ಪುಟ್ಟ ಹೀಚು ಇರುತ್ತೆ. ಹೂವು ಬೆಳಗಿನ ಜಾವ ಅರಳಿ, ಬಿಸಿಲೇರುವ ಹೊತ್ತಿಗೆ ಮುದುಡುತ್ತೆ. ಅಷ್ಟರಲ್ಲಿ ಜೇನುನೊಣ ಬರಬೇಕು. ಜೂನ್, ಜುಲೈ ಜಡಿಮಳೆಯಲ್ಲಿ ಜೇನು ಗೂಡು ಬಿಡುವುದಿಲ್ಲ, ಪರಾಗವೂ ನೆನೆದು ಹೋಗುತ್ತೆ. ಹೀಚು ಹಳದಿಯಾಗಿ ಉದುರುತ್ತೆ. ಇದಕ್ಕೆ ಗೊಬ್ಬರ ಔಷಧಿಯಲ್ಲ.

ಆದ್ದರಿಂದ ಹೂವು ಜಡಿಮಳೆಗೆ ಸಿಗದ ಹಾಗೆ ಬೀಜ ಹಾಕಬೇಕು. ಬೀಜದಿಂದ ಬಲಿತ ಕಾಯಿಗೆ ಸುಮಾರು ನಾಲ್ಕು ತಿಂಗಳು. ನೀರಿದ್ದವರು ಜನವರಿಯಲ್ಲಿ ಹಾಕಿದರೆ ಮುಂಗಾರಿನ ಮುಂಚೆ ಕಾಯಿ ಕೊಯ್ಯಬಹುದು. ನೀರಿಲ್ಲದವರು ಜುಲೈ ಕೊನೆಗೆ ಸೂರಿನಡಿ ಚೀಲದಲ್ಲಿ ಸಸಿ ಮಾಡಿ, ಮಳೆ ಇಳಿದ ಮೇಲೆ ಏರಿದ ಗುಡ್ಡೆಯಲ್ಲಿ ನೆಡಬೇಕು. ಸಿಲ್ವರ್ ಓಕ್ ನೆರಳು ಬೇಡ. ಸಿಗುವ ಬಿಸಿಲೆಲ್ಲ ಬಳ್ಳಿಗೆ ಸಿಗಲಿ. ಕಾಯಿಯ ಕೆಳಗೆ ಒಣಹುಲ್ಲು ಹಾಸಿದರೆ ಕೊಳೆಯುವುದು ಕಡಿಮೆ.

ಆದರೂ ಮೋಡ ಕವಿದರೆ? ಬೆಳಿಗ್ಗೆ ಎಂಟರೊಳಗೆ ಗಂಡು ಹೂವು ಕಿತ್ತು, ಎಸಳು ತೆಗೆದು, ಹೆಣ್ಣು ಹೂವಿನ ಮಧ್ಯಕ್ಕೆ ಮೆಲ್ಲಗೆ ಸವರಿ. ಮಕ್ಕಳೂ ಮಾಡಬಹುದಾದ ಕೆಲಸ.

ತಳಿಯ ವಿಚಾರ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಚಂದನ್ ಎರಡು ಮೂರು ಕೆಜಿ ತೂಗುತ್ತೆ. ಅರ್ಕಾ ಸೂರ್ಯಮುಖಿ ಸುಮಾರು ಒಂದು ಕೆಜಿಯ ಸಣ್ಣ ಕಾಯಿ, ಹಣ್ಣುನೊಣವನ್ನು ತಡೆಯುತ್ತೆ. ಅದು ತಂಪು ತಾಳುವ ಜಾತಿಗೆ ಸೇರಿದ್ದು, ನಮ್ಮ ಸೀಮೆಯಲ್ಲಿ ಹಾಕಿ ನೋಡುವಂಥದ್ದು. ಆದರೆ ಮನೆಯ ಹಳೇ ಬೀಜ ಬಿಡಬೇಡಿ. ಎಷ್ಟೋ ಮಳೆಗಾಲ ನಮ್ಮಲ್ಲೇ ಬದುಕಿದ ಬೀಜ ಅದು, ಒಮ್ಮೆ ಹೋದರೆ ಯಾವ ಅಂಗಡಿಯಲ್ಲೂ ಸಿಗಲ್ಲ.

ಬೀಜ ಕಲಬೆರಕೆ ಆಗಬಾರದೆಂದರೆ, ಅರಳುವ ಹಿಂದಿನ ಸಂಜೆ ಗಂಡು, ಹೆಣ್ಣು ಎರಡೂ ಮೊಗ್ಗಿಗೆ ದಾರ ಕಟ್ಟಿ. ಬೆಳಿಗ್ಗೆ ಬಿಚ್ಚಿ, ಪರಾಗ ಸವರಿ, ಹೆಣ್ಣು ಹೂವನ್ನು ಮತ್ತೆ ಕಟ್ಟಿ. ಬೂದುಗುಂಬಳ ಪಕ್ಕದಲ್ಲಿದ್ದರೆ ಕೆಡುತ್ತೆ ಅನ್ನೋದು ಸುಳ್ಳು, ಅವೆರಡೂ ಬೆರೆಯುವುದಿಲ್ಲ. ಉಗುರು ಇಳಿಯದಷ್ಟು ಸಿಪ್ಪೆ ಗಟ್ಟಿಯಾದ ಮೇಲೆ ತೊಟ್ಟಿನ ಸಮೇತ ಕೊಯ್ದು, ಗಾಳಿಯಾಡುವ ಅಟ್ಟದಲ್ಲಿ ಒಂದಕ್ಕೊಂದು ತಾಗದಂತೆ ಇಡಿ. ತಿಂಗಳುಗಟ್ಟಲೆ ಬಾಳುತ್ತೆ.

1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ರೈತರು ಒಬ್ಬರಿಗೊಬ್ಬರು ಆಗಬೇಕೆಂದು ಸಹಕಾರ ಸಂಘ ಕಟ್ಟಿದರು. ಸಹಕಾರ ಅಂದರೆ ಹಣದ ಸಾಲ ಮಾತ್ರವಲ್ಲ. ನಮ್ಮ ಸಂಘದಲ್ಲಿ ಒಂದು ಬೀಜದ ಡಬ್ಬಿ ಇಡೋಣ. ಒಂದು ಹಿಡಿ ಒಯ್ದವರು ಸುಗ್ಗಿಯಲ್ಲಿ ಎರಡು ಹಿಡಿ ತಂದು ಹಾಕಲಿ. ಈ ಸಾಲಕ್ಕೆ ಜಾಮೀನು ಬೇಡ, ಮಾತು ಸಾಕು.